ಪ್ರೋಬ್ ಸೋತಾಗ ಉಳಿದುಹೋದ ಕ್ಲಾಕ್

ಆರ್ಮ್ ಪ್ರೊಸೆಸರ್ ಉಳ್ಳ ಒಂದು ಸಣ್ಣ ಬೋರ್ಡಿನಲ್ಲಿ ಲಿನಕ್ಸ್ ಓಡಿಸುತ್ತಿದ್ದಾಗ, ಬೋರ್ಡನ್ನು ಸಸ್ಪೆಂಡ್ ಮಾಡಿದರೂ ಅದು ಸೆಳೆಯುವ ವಿದ್ಯುತ್ತು ಇಳಿಯಬೇಕಾದಷ್ಟು ಇಳಿಯುತ್ತಿರಲಿಲ್ಲ. ಇಂಥ ಸಂದರ್ಭದಲ್ಲಿ ಮೊದಲು ನೋಡಬೇಕಾದದ್ದು ಯಾವ ಕ್ಲಾಕ್, ಅಂದರೆ ಚಿಪ್ಪಿನ ಭಾಗಗಳನ್ನು ತಾಳಕ್ಕೆ ಸರಿಯಾಗಿ ನಡೆಸುವ ಸಂಕೇತ, ಇನ್ನೂ ಓಡುತ್ತಿದೆ ಎಂಬುದನ್ನು. ಲಿನಕ್ಸಿನ ತಿರುಳಾದ ಕರ್ನೆಲ್ ಈ ಲೆಕ್ಕವನ್ನು, ದೋಷ ಹುಡುಕುವವರಿಗೆಂದು ಅದು ಒದಗಿಸುವ ಡೀಬಗ್‌ಎಫ್‌ಎಸ್ ಎಂಬ ಫೈಲುಗಳ ಗುಂಪಿನಲ್ಲಿರುವ ಕ್ಲಾಕ್_ಸಮ್ಮರಿ ಎಂಬ ಫೈಲಿನ ಮೂಲಕ ತೋರಿಸುತ್ತದೆ. ಚಿಪ್ಪಿನೊಳಗಿನ ಪ್ರತಿಯೊಂದು ಕ್ಲಾಕಿನ ಹೆಸರು, ಅದನ್ನು ಎಷ್ಟು ಸಲ ಎನೇಬಲ್ (ಚಾಲೂ) ಮಾಡಲಾಗಿದೆ, ಎಷ್ಟು ಸಲ ಪ್ರಿಪೇರ್ (ಚಾಲೂ ಮಾಡಲು ಅಣಿ) ಮಾಡಲಾಗಿದೆ, ಅದರ ವೇಗವೆಷ್ಟು ಎಂಬೆಲ್ಲ ವಿವರಗಳು ಅಲ್ಲಿ ತಾಯಿ ಕ್ಲಾಕಿನ ಕೆಳಗೆ ಮಕ್ಕಳ ಕ್ಲಾಕು ಬರುವಂತೆ ಸಾಲಾಗಿ ಕಾಣಿಸುತ್ತವೆ. ಅನಲಾಗ್ ಸಂಕೇತವನ್ನು ಡಿಜಿಟಲ್ ಮಾಡುವ ಘಟಕದ, ಅಂದರೆ ಎಡಿಸಿಯ, ಕ್ಲಾಕಿನ ಎದುರು ಎನೇಬಲ್ ಎಣಿಕೆ 1 ಇರಬೇಕಾಗಿತ್ತು, ಏಕೆಂದರೆ ಆ ಕ್ಲಾಕನ್ನು ಬಳಸುವ ಡ್ರೈವರ್, ಅಂದರೆ ಸಾಧನವನ್ನು ನಡೆಸುವ ಕೋಡು, ಒಂದೇ. ಅಲ್ಲಿ 4 ಎಂದಿತ್ತು. ಬೋರ್ಡನ್ನು ಮತ್ತೆ ಬೂಟ್ ಮಾಡಿದರೆ 6 ಬಂತು. ಬೇಕಾದಾಗ ಕರ್ನೆಲ್‌ಗೆ ಸೇರಿಸಿ ತೆಗೆಯಬಹುದಾದ ಡ್ರೈವರ್ ಮಾಡ್ಯೂಲನ್ನು ತೆಗೆದುಹಾಕಿದರೆ ಸಂಖ್ಯೆ ಒಂದರಷ್ಟು ಮಾತ್ರ ಇಳಿದು ಅಲ್ಲಿಯೇ ನಿಲ್ಲುತ್ತಿತ್ತು.

ವಿದ್ಯುತ್ ವ್ಯಯದ ಕಾರಣ ಇಷ್ಟರಿಂದಲೇ ಸ್ಪಷ್ಟವಾಯಿತು. ಸಸ್ಪೆಂಡ್ ಆಗುವಾಗ ಡ್ರೈವರ್ ತನ್ನ ಕ್ಲಾಕನ್ನು ಒಂದು ಸಲ ಡಿಸೇಬಲ್ ಮಾಡುತ್ತದೆ. ಎಣಿಕೆ 4ರಿಂದ 3ಕ್ಕೆ ಬರುತ್ತದೆಯೇ ಹೊರತು ಸೊನ್ನೆಗೆ ಬರುವುದಿಲ್ಲ. ಸೊನ್ನೆಗೆ ಬಾರದ ಹೊರತು ಕರ್ನೆಲ್ ಕ್ಲಾಕನ್ನು ಆರಿಸುವ ಹಾರ್ಡ್‌ವೇರಿನ ಬಿಟ್ಟನ್ನು ಮುಟ್ಟುವುದಿಲ್ಲ. ಆ ಕ್ಲಾಕು ನಿಲ್ಲದಿದ್ದರೆ ಅದರ ತಾಯಿಯೂ ನಿಲ್ಲುವಂತಿಲ್ಲ, ತಾಯಿಗೆ ಆಧಾರವಾದ ಪಿಎಲ್‌ಎಲ್ (ವೇಗದ ಕ್ಲಾಕನ್ನು ಹುಟ್ಟಿಸುವ ಸರ್ಕ್ಯೂಟು) ಕೂಡ ನಿಲ್ಲುವಂತಿಲ್ಲ. ಬೂಟ್ ಮುಗಿಯುವ ಹೊತ್ತಿಗೆ ಯಾರೂ ಬಳಸದ ಕ್ಲಾಕುಗಳನ್ನು ಕರ್ನೆಲ್ ತಾನಾಗಿಯೇ ಆರಿಸುತ್ತದೆಯಾದರೂ, ಅದು ಗಮನಿಸುವುದು ಎಣಿಕೆ ಸೊನ್ನೆಯಾಗಿರುವ ಕ್ಲಾಕುಗಳನ್ನು ಮಾತ್ರ. ಲೆಕ್ಕದ ಪ್ರಕಾರ ನಮ್ಮ ಕ್ಲಾಕಿಗೆ ಬಳಕೆದಾರರಿದ್ದರು. ಆ ಬಳಕೆದಾರರು ಯಾರು ಎಂಬುದೇ ಪ್ರಶ್ನೆ.

ಸುಳಿವು ಇದ್ದದ್ದು ಸಂಖ್ಯೆ ದೊಡ್ಡದಾಗಿತ್ತು ಎಂಬುದರಲ್ಲಿ ಅಲ್ಲ, ಬೂಟಿನಿಂದ ಬೂಟಿಗೆ ಅದು ಬದಲಾಗುತ್ತಿತ್ತು ಎಂಬುದರಲ್ಲಿ. ಡ್ರೈವರಿನೊಳಗೆ ಎಲ್ಲೋ ಎರಡು ಕಡೆ ಎನೇಬಲ್ ಮಾಡಿ ಒಂದೇ ಕಡೆ ಡಿಸೇಬಲ್ ಮಾಡಿದ್ದರೆ ಹೆಚ್ಚುವರಿ ಎಣಿಕೆ ಪ್ರತಿ ಸಲವೂ ಒಂದೇ ಆಗಿರುತ್ತಿತ್ತು. ಬೂಟಿನ ಸಮಯದಲ್ಲಿ ಹೀಗೆ ಏರುಪೇರಾಗುವ ಸಂಗತಿ ಒಂದಿದೆ, ಅದು ಪ್ರೋಬಿನ ಮುಂದೂಡಿಕೆ.

ಕರ್ನೆಲ್ ಒಂದು ಸಾಧನವನ್ನೂ ಅದಕ್ಕೆ ಹೊಂದುವ ಡ್ರೈವರನ್ನೂ ಜೋಡಿಸುವಾಗ ಡ್ರೈವರಿನ ಪ್ರೋಬ್ ಫಂಕ್ಷನ್ನನ್ನು ಕರೆಯುತ್ತದೆ. ಆ ಫಂಕ್ಷನ್ ತನಗೆ ಬೇಕಾದ ಕ್ಲಾಕು, ರೆಗ್ಯುಲೇಟರು (ವೋಲ್ಟೇಜ್ ಒದಗಿಸುವ ಘಟಕ), ಇಂಟರಪ್ಟ್ (ಸಾಧನ ಪ್ರೊಸೆಸರಿನ ಗಮನ ಸೆಳೆಯುವ ಸಂಕೇತ) ಮುಂತಾದವನ್ನೆಲ್ಲ ಒಂದೊಂದಾಗಿ ಪಡೆದು ಸಾಧನವನ್ನು ಕೆಲಸಕ್ಕೆ ಅಣಿಗೊಳಿಸಬೇಕು. ಆದರೆ ರೆಗ್ಯುಲೇಟರನ್ನು ಒದಗಿಸುವ ಇನ್ನೊಂದು ಡ್ರೈವರು ಆ ವೇಳೆಗೆ ಲೋಡ್ ಆಗಿರದೆ ಇರಬಹುದು. ಆಗ ಪ್ರೋಬ್ ಮೈನಸ್ 517 ಎಂಬ ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಕರ್ನೆಲ್ ಕೋಡಿನಲ್ಲಿ ಅದರ ಹೆಸರು ಇಪ್ರೋಬ್_ಡಿಫರ್. ಈಗ ಆಗುವುದಿಲ್ಲ, ಆಮೇಲೆ ನೋಡಿ ಎಂಬುದು ಅದರ ತಾತ್ಪರ್ಯ. ಕರ್ನೆಲ್ ಆ ಸಾಧನವನ್ನು ಒಂದು ಪಟ್ಟಿಯಲ್ಲಿ ಇಟ್ಟುಕೊಂಡು, ಮುಂದೆ ಬೇರೆ ಯಾವುದೇ ಸಾಧನಕ್ಕೆ ಡ್ರೈವರ್ ಯಶಸ್ವಿಯಾಗಿ ಜೋಡಣೆಯಾದಾಗಲೂ ಪಟ್ಟಿಯಲ್ಲಿರುವ ಸಾಧನಗಳನ್ನೆಲ್ಲ ಮತ್ತೊಮ್ಮೆ ಪ್ರಯತ್ನಿಸುತ್ತದೆ. ಯಾವ ಜೋಡಣೆಯಿಂದ ಯಾರ ಕೊರತೆ ನೀಗಿತು ಎಂದು ಅದು ವಿಚಾರಿಸುವುದಿಲ್ಲ. ಹೀಗಾಗಿ ಸಂಬಂಧವೇ ಇಲ್ಲದ ಒಂದು ಸಾಧನ ಜೋಡಣೆಯಾದಾಗಲೂ ನಮ್ಮ ಎಡಿಸಿಯ ಪ್ರೋಬ್ ಮತ್ತೆ ನಡೆಯುತ್ತದೆ, ಮತ್ತೆ ಸೋಲುತ್ತದೆ. ಹಲವು ಜೋಡಣೆಗಳು ಬೆನ್ನುಬೆನ್ನಿಗೆ ನಡೆದರೆ ಅವೆಲ್ಲ ಸೇರಿ ಒಂದೇ ಸುತ್ತಿನ ಮರುಪ್ರಯತ್ನವಾಗುವುದೂ ಉಂಟು. ಸುತ್ತುಗಳು ಎಷ್ಟು ಎಂಬುದು ಆ ಬೂಟಿನಲ್ಲಿ ಮಾಡ್ಯೂಲುಗಳು ಯಾವ ಕ್ಷಣದಲ್ಲಿ ಲೋಡ್ ಆದವು ಎಂಬುದನ್ನು ಅವಲಂಬಿಸಿರುತ್ತದೆ. ಒಂದು ಬೂಟಿನಲ್ಲಿ ಮೂರು ಹೆಚ್ಚಾಗಿದ್ದು ಇನ್ನೊಂದರಲ್ಲಿ ಐದು ಹೆಚ್ಚಾಗಿದ್ದುದಕ್ಕೆ ಇದಕ್ಕಿಂತ ಸರಳವಾದ ವಿವರಣೆ ಇಲ್ಲ.

ಕರ್ನೆಲ್ ಇತಿಹಾಸದಲ್ಲಿ ಒಂದು ಕಾಕತಾಳೀಯವಿದೆ. ಈ ಮುಂದೂಡಿಕೆಯ ವ್ಯವಸ್ಥೆಯೂ, ಎಲ್ಲ ಚಿಪ್ಪುಗಳಿಗೂ ಸಮಾನವಾದ ಕ್ಲಾಕ್ ಚೌಕಟ್ಟೂ 2012ರಲ್ಲಿ, 3.4ನೆಯ ಆವೃತ್ತಿಯಲ್ಲೇ ಜೊತೆಯಾಗಿ ಬಂದವು. ನಾನು ಹುಡುಕುತ್ತಿದ್ದ ದೋಷ ಇವೆರಡೂ ಸಂಧಿಸುವ ಜಾಗದಲ್ಲಿತ್ತು.

ಡ್ರೈವರಿನ ಪ್ರೋಬನ್ನು ಮೇಲಿನಿಂದ ಓದುತ್ತ ಹೋದರೆ ಕ್ರಮ ಹೀಗಿತ್ತು: ಮೊದಲು ಕ್ಲಾಕಿನ ಹಿಡಿತ (ಹ್ಯಾಂಡಲ್) ಪಡೆಯುವುದು, ಬಳಿಕ ಕ್ಲಾಕ್_ಪ್ರಿಪೇರ್_ಎನೇಬಲ್ ಕರೆದು ಅದನ್ನು ಚಾಲೂ ಮಾಡುವುದು, ಘಟಕದ ಆವೃತ್ತಿ ರಿಜಿಸ್ಟರನ್ನು (ಹಾರ್ಡ್‌ವೇರಿನೊಳಗೆ ಅದರ ಆವೃತ್ತಿಯನ್ನಿಟ್ಟ ಸಣ್ಣ ಕೋಶವನ್ನು) ಓದುವುದು, ಆ ಆವೃತ್ತಿಗೆ ತಕ್ಕ ರೆಫರೆನ್ಸ್ ವೋಲ್ಟೇಜಿನ ರೆಗ್ಯುಲೇಟರನ್ನು ಕೇಳುವುದು, ಅದನ್ನು ಚಾಲೂ ಮಾಡುವುದು, ಇಂಟರಪ್ಟ್ ಪಡೆಯುವುದು, ಕೊನೆಗೆ ಸಾಧನವನ್ನು ನೋಂದಾಯಿಸುವುದು. ಸಾಮಾನ್ಯವಾಗಿ ಎಲ್ಲವನ್ನೂ ಮೊದಲು ಪಡೆದುಕೊಂಡು ಆಮೇಲೆ ಒಂದೊಂದಾಗಿ ಚಾಲೂ ಮಾಡುವುದೇ ಒಳ್ಳೆಯ ಕ್ರಮ, ಏಕೆಂದರೆ ಮುಂದೂಡಿಕೆ ಬರುವುದು ಪಡೆಯುವ ಹಂತದಲ್ಲಿ. ಇಲ್ಲಿ ಮಾತ್ರ ಆವೃತ್ತಿಯನ್ನು ಓದದೆ ಯಾವ ರೆಗ್ಯುಲೇಟರು ಬೇಕೆಂದು ತಿಳಿಯದು, ಕ್ಲಾಕು ಓಡದೆ ರಿಜಿಸ್ಟರನ್ನು ಓದಲಾಗದು. ಆದ್ದರಿಂದ ಕ್ರಮವನ್ನು ಬದಲಾಯಿಸಿ ಪಾರಾಗುವ ದಾರಿ ಇರಲಿಲ್ಲ.

ಸಿ ಭಾಷೆಯಲ್ಲಿ, ಸೋಲನ್ನು ತಾನಾಗಿ ಕರೆದವರಿಗೆ ಒಯ್ಯುವ ಎಕ್ಸೆಪ್ಶನ್ ಇಲ್ಲ. ಆದಕಾರಣ ಕರ್ನೆಲ್‌ನಲ್ಲಿ ಸೋಲಿನ ದಾರಿಯನ್ನು ಸಾಮಾನ್ಯವಾಗಿ ಗೋಟು ಮೂಲಕ, ಅಂದರೆ ಲೇಬಲ್ ಎಂಬ ಗುರುತಿರುವ ಸಾಲಿಗೆ ನೇರವಾಗಿ ಜಿಗಿಯುವ ಆಜ್ಞೆಯ ಮೂಲಕ, ಬರೆಯುತ್ತಾರೆ, ಮತ್ತು ಕಾಲೇಜಿನಲ್ಲಿ ಗೋಟುವನ್ನು ನಿಷಿದ್ಧವೆಂದು ಕಲಿತವರಿಗೂ ಇದರ ಅಂದ ಬೇಗ ಅರಿವಾಗುತ್ತದೆ. ಫಂಕ್ಷನ್ನಿನ ಕೊನೆಯಲ್ಲಿ ಲೇಬಲ್‌ಗಳ ಒಂದು ಸಾಲಿರುತ್ತದೆ. ಪಡೆದದ್ದರ ವಿರುದ್ಧ ಕ್ರಮದಲ್ಲಿ ಬಿಡುಗಡೆಗಳು ಅಲ್ಲಿ ಒಂದರ ಕೆಳಗೊಂದು ಬರುತ್ತವೆ. ಯಾವ ಹಂತದಲ್ಲಿ ಸೋತೆವೋ ಆ ಹಂತಕ್ಕೆ ತಕ್ಕ ಲೇಬಲಿಗೆ ಜಿಗಿದರೆ, ಅಲ್ಲಿಂದ ಕೆಳಕ್ಕೆ ಇಳಿಯುತ್ತ ಅದುವರೆಗೆ ಪಡೆದದ್ದೆಲ್ಲ ಬಿಟ್ಟುಹೋಗುತ್ತದೆ. ನಮ್ಮ ಡ್ರೈವರಿನಲ್ಲೂ ಲೇಬಲ್‌ಗಳು ಸರಿಯಾಗಿಯೇ ಇದ್ದವು. ಇಂಟರಪ್ಟ್ ಸಿಗದಿದ್ದರೆ ರೆಗ್ಯುಲೇಟರನ್ನೂ ಕ್ಲಾಕನ್ನೂ ಆರಿಸುವ ಲೇಬಲಿಗೆ ಜಿಗಿತವಿತ್ತು. ರೆಗ್ಯುಲೇಟರು ಸಿಗದಿದ್ದಾಗ ಮಾತ್ರ ಜಿಗಿತವಿಲ್ಲ. ಅಲ್ಲಿ ನೇರವಾಗಿ ರಿಟರ್ನ್ ಇತ್ತು, ಆ ರಿಟರ್ನ್ ಡೆವ್_ಎರ್_ಪ್ರೋಬ್ ಎಂಬ ಫಂಕ್ಷನ್ನಿನ ಮೌಲ್ಯವನ್ನು ಹಿಂದಿರುಗಿಸುತ್ತಿತ್ತು.

ಒಂದು ಸಾಲು ಯಾವ ಬದಲಾವಣೆಯಲ್ಲಿ ಬಂತೆಂದು ತೋರಿಸುವ ಗಿಟ್ ಬ್ಲೇಮ್ ಅನ್ನು ಆ ಸಾಲಿಗೆ ಹಾಕಿ ನೋಡಿದಾಗ ದೋಷ ಡ್ರೈವರಿನ ಹುಟ್ಟಿನೊಂದಿಗೆ ಬಂದದ್ದಲ್ಲ ಎಂದು ತಿಳಿಯಿತು. ಮೂಲ ಕೋಡಿನಲ್ಲಿ ದೋಷದ ಸಂದೇಶವನ್ನು ಮುದ್ರಿಸಿ ಸರಿಯಾದ ಲೇಬಲಿಗೆ ಗೋಟು ಹಾಕಲಾಗಿತ್ತು. 2020ರಲ್ಲಿ 5.9ನೆಯ ಆವೃತ್ತಿಯೊಂದಿಗೆ ಡೆವ್_ಎರ್_ಪ್ರೋಬ್ ಬಂತು. ಅದು ನಿಜಕ್ಕೂ ಉಪಯುಕ್ತ: ಬಂದ ದೋಷ ಮುಂದೂಡಿಕೆಯಾಗಿದ್ದರೆ ಲಾಗನ್ನು ಅನಗತ್ಯ ಸಂದೇಶಗಳಿಂದ ತುಂಬುವುದಿಲ್ಲ, ಕಾರಣವನ್ನು ಮಾತ್ರ ನೆನಪಿಟ್ಟುಕೊಂಡು ಡೀಬಗ್‌ಎಫ್‌ಎಸ್‌ನ ಮುಂದೂಡಿದ ಸಾಧನಗಳ ಪಟ್ಟಿಯಲ್ಲಿ ತೋರಿಸುತ್ತದೆ, ಬೇರೆ ದೋಷವಾದರೆ ಎಂದಿನಂತೆ ಮುದ್ರಿಸುತ್ತದೆ, ಎರಡೂ ಸಂದರ್ಭಗಳಲ್ಲಿ ದೋಷದ ಸಂಖ್ಯೆಯನ್ನೇ ಹಿಂದಿರುಗಿಸುವುದರಿಂದ ಸಂದೇಶವನ್ನೂ ರಿಟರ್ನನ್ನೂ ಒಂದೇ ಸಾಲಿನಲ್ಲಿ ಬರೆಯಬಹುದು. ಅನುಕೂಲವೂ ಅಪಾಯವೂ ಇರುವುದು ಈ ಕೊನೆಯ ಗುಣದಲ್ಲೇ. ಅದು ಬಂದ ಬಳಿಕ ಅನೇಕ ಡ್ರೈವರುಗಳಲ್ಲಿ ನಾಲ್ಕೈದು ಸಾಲುಗಳನ್ನು ಒಂದು ಸಾಲಿಗೆ ಇಳಿಸುವ ಶುಚಿಗೊಳಿಸುವ ಪ್ಯಾಚುಗಳು, ಅಂದರೆ ಕೋಡಿನ ಬದಲಾವಣೆಗಳು, ಬಂದವು. ನಮ್ಮ ಡ್ರೈವರಿಗೆ ಬಂದ ಪ್ಯಾಚು ಪ್ರೋಬಿನ ಆರಂಭದಲ್ಲಿದ್ದ ಇಂಥ ತಾಣಗಳನ್ನೆಲ್ಲ ಬದಲಾಯಿಸಿತ್ತು. ಕ್ಲಾಕು ಚಾಲೂ ಆಗುವ ಮುಂಚಿನ ತಾಣಗಳಲ್ಲಿ ಬದಲಾವಣೆ ಸರಿಯಾಗಿತ್ತು, ಚಾಲೂ ಆದ ನಂತರದ ಒಂದು ತಾಣದಲ್ಲಿ ತಪ್ಪಾಗಿತ್ತು.

ಇಂಥ ಪ್ಯಾಚನ್ನು ಡಿಫ್ ರೂಪದಲ್ಲಿ ಓದುವವರಿಗೆ ಈ ವ್ಯತ್ಯಾಸ ಕಾಣುವುದು ಕಷ್ಟ. ಡಿಫ್ ತೋರಿಸುವುದು ಬದಲಾದ ಸಾಲುಗಳನ್ನೂ ಅವುಗಳ ಮೇಲೆ ಕೆಳಗೆ ಮೂರು ಮೂರು ಸಾಲುಗಳನ್ನೂ ಮಾತ್ರ. ಕ್ಲಾಕನ್ನು ಚಾಲೂ ಮಾಡಿದ ಸಾಲು ಅದರ ಚೌಕಟ್ಟಿನಿಂದ ಹೊರಗೆ, ಹದಿನೈದಿಪ್ಪತ್ತು ಸಾಲು ಮೇಲಿತ್ತು. ಶುಚಿಗೊಳಿಸುವ ಪ್ಯಾಚುಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ತಮ್ಮ ಕೈಯಲ್ಲಿ ಹಾರ್ಡ್‌ವೇರ್ ಇಲ್ಲದ ಡ್ರೈವರುಗಳಲ್ಲಿ ಸೋಲಿನ ದಾರಿಯನ್ನು ಮುಟ್ಟುವವರು ಡಿಫನ್ನಲ್ಲದೆ ಇಡೀ ಫಂಕ್ಷನ್ನನ್ನು ಓದಿ ತೀರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕಂಪೈಲ್ ಆಯಿತು ಎಂಬ ಒಂದೇ ಪರೀಕ್ಷೆ ಅಲ್ಲಿ ಏನನ್ನೂ ಹೇಳುವುದಿಲ್ಲ.

ಕೋಡನ್ನು ಓದಿದ ಒಬ್ಬ ಸಹೋದ್ಯೋಗಿ ಕೇಳಿದ ಪ್ರಶ್ನೆ ಸಮಂಜಸವಾಗಿತ್ತು: ಕ್ಲಾಕನ್ನು ಪಡೆದದ್ದು ಡೆವ್‌ಎಮ್ ಬಗೆಯ ಕರೆಯಿಂದಲ್ಲವೇ, ಪ್ರೋಬ್ ಸೋತಾಗ ಅದು ತಾನಾಗಿಯೇ ಬಿಡುಗಡೆಯಾಗುವುದಿಲ್ಲವೇ? ಬಿಡುಗಡೆಯಾಗುವುದು ಹೌದು, ಆದರೆ ಬಿಡುಗಡೆಯಾಗುವುದು ಹಿಡಿತ ಮಾತ್ರ. ಡೆವ್‌ಎಮ್ ವ್ಯವಸ್ಥೆಯಲ್ಲಿ ಪಡೆದ ಸಂಪನ್ಮೂಲಗಳನ್ನು ಪ್ರೋಬ್ ಸೋತಾಗಲಾಗಲಿ ಡ್ರೈವರ್ ಬೇರ್ಪಟ್ಟಾಗಲಾಗಲಿ ಕರ್ನೆಲ್ ತಾನೇ ಹಿಂದಕ್ಕೆ ಪಡೆಯುತ್ತದೆ. ಕ್ಲಾಕನ್ನು ಪಡೆಯುವುದಕ್ಕೂ ಎನೇಬಲ್ ಮಾಡುವುದಕ್ಕೂ ಸಂಬಂಧವಿಲ್ಲ. ಎನೇಬಲ್ ಎಣಿಕೆ ಇರುವುದು ಹಿಡಿತದಲ್ಲಲ್ಲ, ಕ್ಲಾಕಿನ ಮೂಲ ರಚನೆಯಲ್ಲಿ. ಹಿಡಿತವನ್ನು ಹಿಂದಿರುಗಿಸುವ ಮೊದಲು ಮಾಡಿದ ಎನೇಬಲ್‌ಗಳಿಗೆಲ್ಲ ಸರಿಸಮನಾದ ಡಿಸೇಬಲ್ ಮಾಡಿರಬೇಕಾದದ್ದು ಡ್ರೈವರಿನ ಹೊಣೆ. ಮನೆಯ ಬೀಗದ ಕೈಯನ್ನು ಹಿಂದಿರುಗಿಸಿದ ಮಾತ್ರಕ್ಕೆ ಒಳಗೆ ಉರಿಯುತ್ತಿರುವ ದೀಪ ಆರುವುದಿಲ್ಲ. ಮರುಪ್ರಯತ್ನದಲ್ಲಿ ಡ್ರೈವರು ಹೊಸ ಹಿಡಿತವನ್ನು ಪಡೆದು ಮತ್ತೊಂದು ಎನೇಬಲ್ ಸೇರಿಸುತ್ತಿತ್ತು, ಹಳೆಯದರ ನೆನಪು ಅದಕ್ಕೆ ಇರುತ್ತಿರಲಿಲ್ಲ.

ದೋಷ ಹೀಗೆ ಬಯಲಲ್ಲೇ ಇದ್ದೂ ಬೇರೆಯವರಿಗೆ ಏಕೆ ಕಾಣಲಿಲ್ಲ ಎಂಬುದು ನನ್ನನ್ನು ದೋಷಕ್ಕಿಂತ ಹೆಚ್ಚು ಕಾಡಿತು. ಉತ್ತರ ಇರುವುದು ಎಫ್‌ಡಬ್ಲ್ಯೂ_ಡೆವ್‌ಲಿಂಕ್ ಎಂಬ ವ್ಯವಸ್ಥೆಯಲ್ಲಿ. ಬೋರ್ಡಿನ ಹಾರ್ಡ್‌ವೇರನ್ನು ಕರ್ನೆಲ್‌ಗೆ ವಿವರಿಸುವ ಡಿವೈಸ್ ಟ್ರೀಯಲ್ಲಿ ಯಾವ ಸಾಧನ ಯಾವುದನ್ನು ಅವಲಂಬಿಸಿದೆ ಎಂದು ಬರೆದಿರುತ್ತದೆಯಷ್ಟೆ. ಕರ್ನೆಲ್ ಅದನ್ನು ಮೊದಲೇ ಓದಿಕೊಂಡು, ಒದಗಿಸುವ ಸಾಧನ ಸಿದ್ಧವಾಗುವವರೆಗೆ ಬಳಸುವ ಸಾಧನದ ಪ್ರೋಬನ್ನು ಕರೆಯುವುದೇ ಇಲ್ಲ. 2021ರಿಂದ, 5.13ನೆಯ ಆವೃತ್ತಿಯಿಂದ, ಇದು ಸಾಮಾನ್ಯ ಸ್ಥಿತಿಯಲ್ಲೇ ಚಾಲೂ ಇರುತ್ತದೆ. ಮುಂದೂಡಿಕೆ ಆಗಲೂ ನಡೆಯುತ್ತದೆ, ಆದರೆ ಡ್ರೈವರಿನ ಕೋಡನ್ನು ಪ್ರವೇಶಿಸುವ ಮೊದಲೇ ನಡೆಯುತ್ತದೆ. ನಮ್ಮ ದೋಷವಿರುವ ಸಾಲಿಗೆ ಯಾರೂ ತಲುಪುವುದಿಲ್ಲ. ನನ್ನ ಬೋರ್ಡಿನ ಕರ್ನೆಲ್ ಕಮಾಂಡ್ ಲೈನಿನಲ್ಲಿ, ಬೇರೆ ಯಾವುದೋ ಹಳೆಯ ತೊಡಕನ್ನು ನಿವಾರಿಸಲು, ಈ ವ್ಯವಸ್ಥೆಯನ್ನು ಪರ್ಮಿಸಿವ್ ಎಂಬ ಸಡಿಲ ಸ್ಥಿತಿಗೆ ತರಲಾಗಿತ್ತು. ಸಡಿಲ ಸ್ಥಿತಿಯಲ್ಲಿ ಕರ್ನೆಲ್ ಪ್ರೋಬನ್ನು ತಡೆಯುವುದಿಲ್ಲ. ಹಾಗೆಂದು ಇದನ್ನು ನನ್ನ ಸೆಟ್ಟಿಂಗಿನ ತೊಂದರೆ ಎಂದು ತಳ್ಳಿಹಾಕುವಂತಿರಲಿಲ್ಲ: ಅವಲಂಬನೆಗಳು ಒಂದನ್ನೊಂದು ಸುತ್ತಿಕೊಂಡಿರುವ ಕಡೆ ಕರ್ನೆಲ್ ತಾನಾಗಿಯೇ ಆ ಕಟ್ಟನ್ನು ಸಡಿಲಿಸುತ್ತದೆ, ರೆಗ್ಯುಲೇಟರ್ ಸಿಗದಿರುವುದಕ್ಕೆ ಮುಂದೂಡಿಕೆಯಲ್ಲದೆ ಬೇರೆ ಕಾರಣಗಳೂ ಇರುತ್ತವೆ.

ತಿದ್ದುವ ಮೊದಲು ದೋಷವನ್ನು ಬೇಕೆಂದಾಗ ಮರುಕಳಿಸುವಂತೆ ಮಾಡಿಕೊಂಡೆ. ವಿದ್ಯುತ್ ನಿರ್ವಹಣೆಯ ಚಿಪ್ಪಿನ ಡ್ರೈವರನ್ನು ಮಾಡ್ಯೂಲಾಗಿ ಕಟ್ಟಿ, ಅದು ತಾನಾಗಿ ಲೋಡ್ ಆಗದಂತೆ ತಡೆದೆ. ಈಗ ಎಡಿಸಿಗೆ ಬೇಕಾದ ರೆಗ್ಯುಲೇಟರ್ ಇಲ್ಲ. ಸಂಬಂಧವಿಲ್ಲದ ಬೇರೊಂದು ಸಾಧನವನ್ನು, ಕರ್ನೆಲ್ ಸಾಧನಗಳನ್ನು ಫೈಲುಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನ ಅನ್‌ಬೈಂಡ್ ಮತ್ತು ಬೈಂಡ್ ಫೈಲುಗಳ ಮೂಲಕ ಬಿಡಿಸಿ ಮತ್ತೆ ಜೋಡಿಸಿದರೆ ಸಾಕು, ಮುಂದೂಡಿದ ಪಟ್ಟಿ ಎಚ್ಚರಗೊಂಡು ಎಡಿಸಿಯ ಪ್ರೋಬ್ ನಡೆದು ಸೋಲುತ್ತಿತ್ತು, ಕ್ಲಾಕಿನ ಎಣಿಕೆ ಒಂದು ಏರುತ್ತಿತ್ತು. ಸಂಬಂಧವಿಲ್ಲದ ಸಾಧನವನ್ನು ಅಲ್ಲಾಡಿಸಿದಾಗಲೆಲ್ಲ ಇನ್ನೆಲ್ಲೋ ಒಂದು ಸಂಖ್ಯೆ ಏರುವುದನ್ನು ನೋಡಿದ ಮೇಲೆ ಕಾರಣದ ಬಗ್ಗೆ ಸಂದೇಹ ಉಳಿಯಲಿಲ್ಲ.

ತಿದ್ದುಪಡಿ ತೀರ ಚಿಕ್ಕದು. ರಿಟರ್ನ್ ಇದ್ದ ಒಂದು ಸಾಲು ಎರಡಾಯಿತು: ಡೆವ್_ಎರ್_ಪ್ರೋಬ್ ಹಿಂದಿರುಗಿಸುವ ಸಂಖ್ಯೆಯನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಕ್ಲಾಕನ್ನು ಆರಿಸುವ ಲೇಬಲಿಗೆ ಗೋಟು. ಎರಡು ಸಾಲಾದ್ದರಿಂದ ಕರ್ನೆಲ್ ಶೈಲಿಯ ಪ್ರಕಾರ ಬ್ರೇಸುಗಳೂ ಬಂದವು. ಎಚ್ಚರ ಬೇಕಾದದ್ದು ಲೇಬಲಿನ ಆಯ್ಕೆಯಲ್ಲಿ. ಒಂದು ಲೇಬಲ್ ಮೇಲಕ್ಕೆ ಜಿಗಿದರೆ ಇನ್ನೂ ಚಾಲೂ ಮಾಡಿರದ ರೆಗ್ಯುಲೇಟರನ್ನು ಆರಿಸಲು ಹೊರಟಂತಾಗುತ್ತದೆ. ಚಾಲೂ ಇಲ್ಲದ ಕ್ಲಾಕನ್ನು ಡಿಸೇಬಲ್ ಮಾಡಿದರೆ ಕರ್ನೆಲ್ ಲಾಗಿನಲ್ಲಿ ದೊಡ್ಡದೊಂದು ಎಚ್ಚರಿಕೆ ಮುದ್ರಿಸುತ್ತದೆ. ರೆಗ್ಯುಲೇಟರಿನ ಸಮತೋಲ ತಪ್ಪಿದರೂ ಅಷ್ಟೆ. ಹೆಚ್ಚು ಸಲ ಚಾಲೂ ಮಾಡಿದರೆ ಮಾತ್ರ ಅದು ಒಂದು ಮಾತನ್ನೂ ಆಡುವುದಿಲ್ಲ, ಆಡುವಂತೆಯೂ ಇಲ್ಲ: ಎಣಿಕೆ 4 ಇರುವುದು ನಾಲ್ವರು ನಿಜವಾದ ಬಳಕೆದಾರರಿಂದಲೋ ಒಬ್ಬನ ಮರೆವಿನಿಂದಲೋ ಎಂದು ಅದಕ್ಕೆ ತಿಳಿಯುವ ಬಗೆ ಇಲ್ಲ. ಈ ಬಗೆಯ ದೋಷಗಳು ಕರ್ನೆಲ್‌ನಲ್ಲಿ ಬಹುಕಾಲ ಬದುಕಿರಲು ಈ ಅಸಮಾನತೆಯೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ. ಮೆಮೊರಿ ಸೋರಿಕೆಗೆ ಕೆಮೆಮ್‌ಲೀಕ್ ಇದೆ, ಬಿಟ್ಟ ಮೆಮೊರಿಯನ್ನು ಮತ್ತೆ ಮುಟ್ಟುವುದನ್ನು ಹಿಡಿಯಲು ಕಾಸನ್ ಇದೆ, ಲಾಕುಗಳಿಗೆ ಲಾಕ್‌ಡೆಪ್ ಇದೆ. ಇಲ್ಲಿ ಸೋರಿದ್ದು ಮೆಮೊರಿಯಲ್ಲ, ಒಂದು ಸಂಖ್ಯೆ. ಅವುಗಳಲ್ಲಿ ಯಾವುದೂ ಇದನ್ನು ನೋಡುವುದಿಲ್ಲ. ಕೋಡನ್ನು ಓಡಿಸದೆ ಪರಿಶೀಲಿಸುವ ಸ್ಮ್ಯಾಚ್ ಎಂಬ ಸಾಧನ ಮಾತ್ರ, ಎನೇಬಲ್ ಆದ ಕ್ಲಾಕು ಇಂಥ ಸಾಲಿನಲ್ಲಿ ಹೊರಹೋಗುವಾಗ ಬಿಡುಗಡೆಯಾಗಿಲ್ಲ ಎಂದು ಹೇಳಬಲ್ಲದು. ಆಮೇಲೆ ಅದನ್ನು ಓಡಿಸಿ ನೋಡಿದಾಗ ಸರಿಯಾಗಿ ಆ ಸಾಲನ್ನೇ ತೋರಿಸಿತು.

ತಿದ್ದಿದ ಮೇಲೆ ಅದೇ ಪರೀಕ್ಷೆಯಲ್ಲಿ ಎಣಿಕೆ ಸೊನ್ನೆಯಲ್ಲೇ ನಿಂತಿತು; ವಿದ್ಯುತ್ ಚಿಪ್ಪಿನ ಮಾಡ್ಯೂಲನ್ನು ಲೋಡ್ ಮಾಡಿದ ಕೂಡಲೇ 1 ಆಯಿತು; ಸಸ್ಪೆಂಡಿನಲ್ಲಿ ಪಿಎಲ್‌ಎಲ್ ನಿಂತಿತು. ಉಳಿದ ಸೋಲಿನ ದಾರಿಗಳನ್ನೂ ನೋಡುವುದು ಒಳ್ಳೆಯದೆಂದು, ಪ್ರತಿಯೊಂದು ಹಂತದ ನಂತರ ತಾತ್ಕಾಲಿಕವಾಗಿ ದೋಷದ ಸಂಖ್ಯೆಯನ್ನು ತುರುಕಿ ಓಡಿಸಿ, ಕ್ಲಾಕಿನ ಮತ್ತು ರೆಗ್ಯುಲೇಟರಿನ ಎಣಿಕೆಗಳನ್ನು ಹೋಲಿಸಿದೆ. ಅವೆಲ್ಲ ಸರಿಯಾಗಿದ್ದವು.

ಪ್ಯಾಚಿನ ವಿವರಣೆಗೆ ಕೋಡಿಗಿಂತ ಹೆಚ್ಚು ಹೊತ್ತು ಹಿಡಿಯಿತು, ಅದು ನ್ಯಾಯವೂ ಹೌದು. ಮುಂದೂಡಿಕೆ ಆದಾಗಲೆಲ್ಲ ಒಂದು ಎನೇಬಲ್ ಉಳಿಯುತ್ತದೆ, ಅದರಿಂದ ಸಸ್ಪೆಂಡಿನಲ್ಲಿ ತಾಯಿ ಕ್ಲಾಕು ನಿಲ್ಲುವುದಿಲ್ಲ ಎಂಬ ಪರಿಣಾಮವನ್ನು ಮೊದಲ ವಾಕ್ಯಗಳಲ್ಲೇ ಹೇಳಿದೆ; ಕೋಡಿನ ಆ ಭಾಗವನ್ನು ನೋಡಿಕೊಳ್ಳುವ ಮೇಂಟೇನರ್ ಇದನ್ನು ಈಗಿನ ಆವೃತ್ತಿಗೇ ಸೇರಿಸಬೇಕೋ ಮುಂದಿನದಕ್ಕೆ ಬಿಡಬೇಕೋ ಎಂದು ನಿರ್ಧರಿಸುವುದು ಅದರ ಆಧಾರದ ಮೇಲೆಯೇ. ಕೊನೆಯಲ್ಲಿ ಫಿಕ್ಸಸ್ ಎಂಬ ಸಾಲು: ದೋಷವನ್ನು ತಂದ ಕಮಿಟ್ಟಿನ (ಗಿಟ್‌ನಲ್ಲಿ ದಾಖಲಾದ ಬದಲಾವಣೆಯ) ಗುರುತಿನ ಮೊದಲ 12 ಅಕ್ಷರಗಳು ಮತ್ತು ಅದರ ಶೀರ್ಷಿಕೆ. ಅಲ್ಲಿ ಡ್ರೈವರಿನ ಮೊದಲ ಕಮಿಟ್ಟನ್ನು ಬರೆಯದೆ ಶುಚಿಗೊಳಿಸಿದ ಕಮಿಟ್ಟನ್ನು ಬರೆಯುವುದು ಮುಖ್ಯ. ತಿದ್ದುಪಡಿಯನ್ನು ಯಾವ ಹಳೆಯ ಸ್ಥಿರ ಆವೃತ್ತಿಗಳಿಗೆ ಒಯ್ಯಬೇಕು ಎಂಬುದು ಈ ಸಾಲಿನಿಂದ ನಿರ್ಧಾರವಾಗುತ್ತದೆ. ಅದರ ಕೆಳಗೆ ಸ್ಥಿರ ಆವೃತ್ತಿಗಳನ್ನು ನೋಡಿಕೊಳ್ಳುವವರಿಗೆ ಪ್ರತಿ, ಆಮೇಲೆ ಸೈನ್ಡ್-ಆಫ್-ಬೈ. ಈ ಕೋಡನ್ನು ಕೊಡುವ ಹಕ್ಕು ನನಗಿದೆ ಎಂಬ ಘೋಷಣೆಯ ಈ ಸಾಲು 2004ರಿಂದ ಕರ್ನೆಲ್ ಪ್ಯಾಚುಗಳಲ್ಲಿ ಬಳಕೆಗೆ ಬಂದಿದೆ. ಪ್ಯಾಚಿನ ಶೈಲಿಯನ್ನು ಪರೀಕ್ಷಿಸುವ ಚೆಕ್‌ಪ್ಯಾಚ್ ಸ್ಕ್ರಿಪ್ಟಿಗೆ ಏನೂ ಆಕ್ಷೇಪವಿರಲಿಲ್ಲ. ಯಾರಿಗೆ ಕಳಿಸಬೇಕೆಂಬುದನ್ನು ಗೆಟ್_ಮೇಂಟೇನರ್ ಸ್ಕ್ರಿಪ್ಟ್ ಹೇಳಿತು.

ಪರಿಶೀಲಿಸಿದವರು ಎತ್ತಿದ ಪ್ರಶ್ನೆ ನಾನು ನಿರೀಕ್ಷಿಸಿದ್ದೇ: 2022ರಲ್ಲಿ ಬಂದ, ಕ್ಲಾಕನ್ನು ಪಡೆದು ಎನೇಬಲ್ ಮಾಡಿ ಎರಡನ್ನೂ ತಾನೇ ಹಿಂದೆಗೆಯುವ ಡೆವ್‌ಎಮ್ ಕರೆಯನ್ನು ಬಳಸಬಾರದೇಕೆ? ಅದನ್ನು ಬಳಸಿದರೆ ಕ್ಲಾಕಿನ ಲೇಬಲೇ ಬೇಕಾಗುವುದಿಲ್ಲ, ಇಂಥ ತಪ್ಪು ಮತ್ತೆ ನಡೆಯುವಂತೆಯೂ ಇಲ್ಲ. ಮಾತು ಸರಿ. ಆದರೆ ಡೆವ್‌ಎಮ್ ಬಳಕೆಯಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಎಷ್ಟೋ ಪ್ಯಾಚುಗಳು ಗಮನಿಸುವುದಿಲ್ಲ. ಡೆವ್‌ಎಮ್ ಮೂಲಕ ಪಡೆದವು ಬಿಡುಗಡೆಯಾಗುವುದು ಪಡೆದದ್ದರ ವಿರುದ್ಧ ಕ್ರಮದಲ್ಲಿ, ಅದೂ ಸಾಧನದಿಂದ ಬೇರ್ಪಡುವಾಗ ಓಡುವ ಡ್ರೈವರಿನ ರಿಮೂವ್ ಫಂಕ್ಷನ್ ಮುಗಿದ ನಂತರ. ಈ ಡ್ರೈವರಿನಲ್ಲಿ ಇಂಟರಪ್ಟನ್ನು ಡೆವ್‌ಎಮ್ ಮೂಲಕ ಪಡೆಯಲಾಗಿದೆ, ಕ್ಲಾಕನ್ನೂ ರೆಗ್ಯುಲೇಟರನ್ನೂ ರಿಮೂವ್ ಒಳಗೆ ಕೈಯಾರೆ ಆರಿಸಲಾಗುತ್ತದೆ. ಅಂದರೆ ಕ್ಲಾಕು ಆರಿದ ಮೇಲೆಯೂ ಸ್ವಲ್ಪ ಹೊತ್ತು ಇಂಟರಪ್ಟ್ ಹ್ಯಾಂಡ್ಲರ್ (ಇಂಟರಪ್ಟ್ ಬಂದಾಗ ಓಡುವ ಫಂಕ್ಷನ್) ಜೀವಂತವಾಗಿರುತ್ತದೆ; ಆ ಅಂತರದಲ್ಲಿ ಅದು ಓಡಿದರೆ ಕ್ಲಾಕಿಲ್ಲದ ರಿಜಿಸ್ಟರನ್ನು ಓದಲು ಹೋಗಿ ಕೆಲವು ಚಿಪ್ಪುಗಳಲ್ಲಿ ಚಿಪ್ಪಿನ ಭಾಗಗಳನ್ನು ಬೆಸೆಯುವ ಇಡೀ ಬಸ್ಸೇ ಸ್ತಬ್ಧವಾಗುತ್ತದೆ. ಇದು ಈಗಾಗಲೇ ಇರುವ ಇನ್ನೊಂದು ದೋಷ. ಕ್ಲಾಕೊಂದನ್ನೇ ಡೆವ್‌ಎಮ್‌ಗೆ ಬದಲಾಯಿಸಿದರೆ ಆ ಅಂತರ ಕ್ಲಾಕಿನಿಂದ ರೆಗ್ಯುಲೇಟರಿಗೆ ಸರಿಯುತ್ತದೆ: ರೆಫರೆನ್ಸ್ ವೋಲ್ಟೇಜ್ ಆರಿದ ಮೇಲೂ ಹ್ಯಾಂಡ್ಲರ್ ಅರ್ಥವಿಲ್ಲದ ಅಳತೆಗಳನ್ನು ಓದಬಹುದು. ಕ್ಲಾಕು, ರೆಗ್ಯುಲೇಟರು, ನೋಂದಣಿ ಮೂರನ್ನೂ ಒಟ್ಟಿಗೆ ಬದಲಾಯಿಸಿ ರಿಮೂವ್ ಫಂಕ್ಷನ್ನನ್ನೇ ತೆಗೆದುಹಾಕಿದಾಗ ಮಾತ್ರ ಕ್ರಮ ಸರಿಯಾಗುತ್ತದೆ.

ಅದು ಮಾಡತಕ್ಕ ಕೆಲಸವೇ, ಆದರೆ ಸ್ಥಿರ ಆವೃತ್ತಿಗಳಿಗೆ ಹೋಗತಕ್ಕ ಕೆಲಸವಲ್ಲ. ಅಲ್ಲಿಗೆ ಹೋಗುವ ಪ್ಯಾಚು ಸುತ್ತಲಿನ ಸಾಲುಗಳೂ ಸೇರಿ 100 ಸಾಲು ಮೀರಬಾರದು, ಸರಿ ಎಂಬುದು ನೋಡಿದೊಡನೆ ತಿಳಿಯಬೇಕು, ಪರೀಕ್ಷೆಯಾಗಿರಬೇಕು ಎಂಬುದು ಕರ್ನೆಲ್ ದಾಖಲೆಯಲ್ಲಿರುವ ನಿಯಮ. ಆದ್ದರಿಂದ ಎರಡು ಪ್ಯಾಚುಗಳ ಸರಣಿ ಮಾಡಿದೆ: ಮೊದಲನೆಯದು ಗೋಟು ಸೇರಿಸುವುದು, ಫಿಕ್ಸಸ್ ಸಾಲಿನೊಂದಿಗೆ, ಎರಡನೆಯದು ಡೆವ್‌ಎಮ್‌ಗೆ ಪೂರ್ತಿ ಬದಲಾವಣೆ, ಮುಂದಿನ ಆವೃತ್ತಿಗೆ. ಎರಡನೆಯ ಪ್ಯಾಚು ಮೊದಲನೆಯದರಲ್ಲಿ ಸೇರಿಸಿದ ಸಾಲನ್ನೇ ಅಳಿಸುತ್ತದೆ. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು, ಆದರೆ ಹಳೆಯ ಆವೃತ್ತಿಯನ್ನು ಬಳಸುವವರಿಗೆ ದೊರೆಯುವುದು ಮೊದಲನೆಯದು ಮಾತ್ರ. ಮೇಂಟೇನರ್ ಅದನ್ನು ತಿದ್ದುಪಡಿಗಳ ಶಾಖೆಗೆ ತೆಗೆದುಕೊಂಡರು. ಎರಡನೆಯದರಲ್ಲಿ ಕ್ಲಾಕಿಗಿಂತ ಮೊದಲು ಇಂಟರಪ್ಟ್ ಬಿಡುಗಡೆಯಾಗುತ್ತದೆ ಎಂಬುದನ್ನು ವಿವರಣೆಯಲ್ಲಿ ಸ್ಪಷ್ಟಪಡಿಸಲು ಕೇಳಿದರು.

ಇದೇ ಮಾದರಿಯ ತಪ್ಪು ಬೇರೆಡೆಯೂ ಇರಬಹುದೆಂದು, ಕೋಡಿನಲ್ಲಿ ಮಾದರಿಗಳನ್ನು ಹುಡುಕುವ ಕಾಕ್ಸಿನೆಲ್ ಎಂಬ ಸಾಧನದಲ್ಲಿ ಒಂದು ಸಣ್ಣ ನಿಯಮ ಬರೆದು ಹುಡುಕಿದೆ: ಕ್ಲಾಕ್_ಪ್ರಿಪೇರ್_ಎನೇಬಲ್ ಆದ ನಂತರ, ನಡುವೆ ಡಿಸೇಬಲ್ ಇಲ್ಲದೆ, ಡೆವ್_ಎರ್_ಪ್ರೋಬ್‌ನೊಂದಿಗೆ ನೇರವಾಗಿ ಹೊರಹೋಗುವ ಜಾಗಗಳು. ಸಿಕ್ಕವುಗಳಲ್ಲಿ ಹೆಚ್ಚಿನವು ದೋಷಗಳಲ್ಲ. ಬಹುಪಾಲು ಡ್ರೈವರುಗಳು ಎನೇಬಲ್ ಮಾಡಿದ ಮುಂದಿನ ಸಾಲಿನಲ್ಲೇ ಡಿಸೇಬಲ್ ಮಾಡುವ ಕ್ರಿಯೆಯನ್ನು ಡೆವ್‌ಎಮ್‌ಗೆ ಒಪ್ಪಿಸಿದ್ದವು, ನನ್ನ ನಿಯಮ ಅದನ್ನು ಗುರುತಿಸುತ್ತಿರಲಿಲ್ಲ. ಉಳಿದ ಕೆಲವು ನಿಜವಾದ ದೋಷಗಳಂತೆಯೇ ಕಂಡವು. ಆ ಹಾರ್ಡ್‌ವೇರ್ ನನ್ನಲ್ಲಿ ಇಲ್ಲದ್ದರಿಂದ ಪ್ಯಾಚು ಕಳಿಸದೆ, ಯಾವ ಸಾಲಿನಿಂದ ಹೊರಹೋದಾಗ ಯಾವ ಕ್ಲಾಕು ಉಳಿಯುತ್ತದೆ, ಕ್ಲಾಕ್_ಸಮ್ಮರಿಯಲ್ಲಿ ಏನನ್ನು ನೋಡಬೇಕು ಎಂಬ ವಿವರಗಳನ್ನು ಮಾತ್ರ ಆಯಾ ಡ್ರೈವರುಗಳ ಮೇಂಟೇನರುಗಳಿಗೆ ಬರೆದು ಕಳಿಸಿದೆ.